ಸೋರುವ ಜಾಗದಲ್ಲಿ ಹಾಕಿದ ಎಲೆ

ಜೂನ್ ತಿಂಗಳ ಒಂದು ಬೆಳಿಗ್ಗೆ ನನ್ನ ಖಡಕ್ ರೊಟ್ಟಿ ಕರವಸ್ತ್ರದ ಹಾಗೆ ಮಡಚಿಕೊಂಡಿತು. ಗದಗ, ರೋಣ, ನರಗುಂದದ ಕಡೆ ಕುಳಿತು ಇದನ್ನು ಓದುವವರಿಗೆ ಆ ಗಾಬರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಳದ ಖಡಕ್ ರೊಟ್ಟಿ ಮುರಿಯಬೇಕು, ಮುರಿದ ಸದ್ದು ಪಡಸಾಲೆಗೆ ಕೇಳಬೇಕು. ನನ್ನ ಕೈಯಲ್ಲಿದ್ದದ್ದು ಮುರಿಯಲಿಲ್ಲ, ಬೆರಳಿನ ಎರಡೂ ಕಡೆ ಒದ್ದೆ ಅರಿವೆಯಂತೆ ಜೋತುಬಿತ್ತು. ತಲೆ ಎತ್ತಿ ನೋಡಿದೆ. ಅಡುಗೆಮನೆಯ ಸ್ಲ್ಯಾಬಿನಲ್ಲಿ ಒಂದು ಕಪ್ಪು ಮಚ್ಚೆ, ಅದರ ನಡುವಿನಿಂದ ಹನಿ ಇಳಿದು ನೇರ ರೊಟ್ಟಿ ಬುಟ್ಟಿಗೆ ಬೀಳುತ್ತಿತ್ತು. ಆ ಮನೆ ಕಟ್ಟಿ ಮುಗಿದದ್ದು ಆ ಬೇಸಿಗೆಯಲ್ಲಿ.

ನಾವು ಈ ಕಡೆಗೆ ಬಂದದ್ದು ಕಲ್ಲಿನಿಂದಾಗಿ. ನನ್ನ ಗಂಡ ಬಸವರಾಜ ಕಾರ್ಕಳದ ಒಂದು ಕಲ್ಲಿನ ಕ್ವಾರಿಯಲ್ಲಿ ಕ್ರಷರ್ ಯಂತ್ರದ ಮೆಕ್ಯಾನಿಕ್. ಮೊದಲು ಕಾರ್ಕಳದಲ್ಲೇ ಬಾಡಿಗೆಗೆ ಇದ್ದೆವು. ನಮ್ಮೂರಲ್ಲಿ ಮನೆ ಬಾಡಿಗೆಗೆ ಕೇಳಲು ಹೋದರೆ ಮೊದಲು ಮಂದಿಯ ಪೂರ್ವಾಪರ ವಿಚಾರಿಸುತ್ತಾರೆ. ಇಲ್ಲಿನ ಮಾಲೀಕರು, ನಾವು ಮೀನು ತಿನ್ನುವುದಿಲ್ಲ ಎಂದು ತಿಳಿದು ತಾವೇ ಸಂಕೋಚಪಟ್ಟುಕೊಂಡರು. "ಪಕ್ಕದ ಮನೆಯಲ್ಲಿ ಒಣಮೀನು ಹುರಿಯುವಾಗ ಸ್ವಲ್ಪ ಕಿಟಕಿ ಹಾಕಿಕೊಳ್ಳಿ ಆಯ್ತಾ" ಎಂದರು. ನಾನು ಕಿಟಕಿ ಹಾಕಲಿಲ್ಲ. ಒಂಟಿಯಾಗಿದ್ದಾಗ ಯಾವ ಮನೆಯ ಅಡುಗೆಯ ವಾಸನೆಯಾದರೂ ಬರಲಿ ಎನ್ನಿಸುತ್ತದೆ.

ಭಾಷೆ ಕನ್ನಡವೇ, ಆದರೆ ನನ್ನ ಕನ್ನಡ ಕೇಳಿ ಅಂಗಡಿಯವರು ಎರಡನೇ ಸಲ ಹೇಳಿಸುತ್ತಿದ್ದರು. ತಮ್ಮತಮ್ಮಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿಕೊಳ್ಳುವವರು ನನ್ನ ಕಡೆ ತಿರುಗಿದರೆ ಪಾಠಪುಸ್ತಕದಂತೆ ಮಾತನಾಡುತ್ತಿದ್ದರು. ಘಟ್ಟದ ಮೇಲಿನಿಂದ ಬಂದವರಿಗೆಲ್ಲ ಇಲ್ಲಿ ಒಂದೇ ಹೆಸರು, ಘಟ್ಟದವರು. ರೋಣವೂ ಘಟ್ಟವೇ, ಬೀದರೂ ಘಟ್ಟವೇ. ನಾಗರ ಪಂಚಮಿಗೆ ನಾಗಬನದಲ್ಲಿ ಹಾಲು, ಎಳನೀರು, ಜನವೋ ಜನ. ಜೋಕಾಲಿ ಮಾತ್ರ ಎಲ್ಲೂ ಇಲ್ಲ. ಮೊದಲ ವರ್ಷ ಜೋಕಾಲಿ ಇಲ್ಲದ ಪಂಚಮಿಗೆ ನಾನು ಬಾಗಿಲು ಹಾಕಿಕೊಂಡು ಅತ್ತೆ.

ಕೈ ಹಿಡಿದದ್ದು ರೊಟ್ಟಿ. ಮಣಿಪಾಲದ ಹಾಸ್ಟೆಲುಗಳಲ್ಲಿ ನಮ್ಮ ಕಡೆಯ ಮಕ್ಕಳು ಎಷ್ಟೋ ಜನ ಇದ್ದಾರೆ. ಒಮ್ಮೆ ಒಂದು ಕಟ್ಟು ಒಯ್ದು ಕೊಟ್ಟಾಗ ಅಲ್ಲಿ ಒಬ್ಬಳು ಹುಡುಗಿ ನನ್ನ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ಒಂದು ತುತ್ತು ತಿಂದವಳೇ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಆ ದಿನದಿಂದ ನನ್ನ ರೊಟ್ಟಿ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗತೊಡಗಿತು. ಅದರ ಬಲದಿಂದಲೇ ಕಾಪುವಿನಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರ, ಐದು ಸೆಂಟ್ಸ್ ಜಾಗ ಕೊಂಡೆವು. ಇಲ್ಲಿ ನೆಲವನ್ನು ಎಕರೆ ಗುಂಟೆಗಳಲ್ಲಿ ಹೇಳುವುದಿಲ್ಲ, ಸೆಂಟ್ಸಿನಲ್ಲಿ ಹೇಳುತ್ತಾರೆ. ಹೊಲದ ಲೆಕ್ಕದಲ್ಲಿ ಬೆಳೆದ ನನಗೆ ಅದು ಮನೆಯ ಜಾಗವಲ್ಲ, ಹೊಲದ ಬದು ಎನ್ನಿಸಿತು. ಆದರೂ ನಮ್ಮದು.

ಮನೆ ಕಟ್ಟಿದ ಕಾಂಟ್ರಾಕ್ಟರ್ ಸುಧಾಕರ. ಇಸ್ತ್ರಿ ಮಾಡಿದ ಅಂಗಿ, ನಗುಮುಖ, ಬಾಯಿ ತುಂಬ ಅಕ್ಕ ಅಕ್ಕ ಎನ್ನುವ ಮಾತು. ನಾನು ಅವನಿಗೆ ಒಂದೇ ಹೇಳಿದ್ದೆ: ಉಳಿದದ್ದು ಹೇಗಾದರೂ ಇರಲಿ, ಅಡುಗೆಮನೆ ಒಣಗಿರಬೇಕು, ಅಲ್ಲಿ ರೊಟ್ಟಿ ಇಡುತ್ತೇನೆ. ಮೇಲೆ ಮೆಣಸಿನಕಾಯಿ, ಸಂಡಿಗೆ ಒಣಹಾಕಲು ಸಪಾಟು ಟೆರೇಸು ಬೇಕು, ನಮ್ಮೂರ ಮಾಳಿಗೆಯ ಹಾಗೆ. ಇಲ್ಲಿನ ಮನೆಗಳಿಗೆಲ್ಲ ಸ್ಲ್ಯಾಬಿನ ಮೇಲೂ ಇಳಿಜಾರು ಛಾವಣಿ ಇರುತ್ತದೆ. ಅದಕ್ಕೆ ‘ಮಾಡು’ ಎನ್ನುತ್ತಾರೆ. ಹಂಚಿನದ್ದೋ ಶೀಟಿನದ್ದೋ, ಮಾಡು ಇಲ್ಲದೆ ಈ ಮಳೆಗೆ ಯಾರೂ ಮನೆ ಕಟ್ಟುವುದಿಲ್ಲ. ಅದು ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. "ಆಗ್ತದೆ ಅಕ್ಕ. ಇಳಿಜಾರು ಕೊಟ್ಟು ಮಾಡುವ. ಒಂದು ಹನಿ ನಿಲ್ಲುವುದಿಲ್ಲ" ಎಂದ.

ಇಳಿಜಾರು ಕೊಟ್ಟಿದ್ದ, ಅದರಲ್ಲಿ ಸುಳ್ಳಿಲ್ಲ. ಅಂಚಿನಿಂದ ನಡುವಿಗೆ ಕೊಟ್ಟಿದ್ದ. ನೀರು ಹೊರಗೆ ಹೋಗುವ ಪೈಪನ್ನು ನೆಲಕ್ಕಿಂತ ನಾಲ್ಕು ಬೆರಳು ಮೇಲೆ ಕೂರಿಸಿದ್ದ. ಸುರಿದ ಮಳೆಯೆಲ್ಲ ನಡುವೆ ಕೆರೆಯಾಗಿ ನಿಂತು, ಬೇರೆ ದಾರಿ ಕಾಣದೆ ನನ್ನ ಅಡುಗೆಮನೆಗೆ ಇಳಿಯುತ್ತಿತ್ತು. ಗೋಡೆಗಳದ್ದು ಇನ್ನೊಂದು ಕತೆ. ಮಳೆ ಬಂದರೆ ಬೆವರುತ್ತಿದ್ದವು, ಎರಡು ದಿನ ಬಿಸಿಲು ಬಂದರೆ ಬಿಳಿ ಹುಡಿ ಉದುರಿಸುತ್ತಿದ್ದವು. ಒಂದು ದಿನ ಆ ಹುಡಿಯನ್ನು ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು. ಹೊಳೆಯ ಮರಳು ಸಿಗದಿದ್ದಾಗ ಪುಣ್ಯಾತ್ಮ ಕಡಲ ಬದಿಯ ಮರಳಿನಲ್ಲೇ ಗಿಲಾವು ಮಾಡಿ ಮುಗಿಸಿದ್ದ. ಇಂಥವನಿಗೆ ನಾನು ಒಕ್ಕೆಲ್ ದಿನ, ಎಂದರೆ ಗೃಹಪ್ರವೇಶದ ದಿನ, ಇಲ್ಲಿನ ಕ್ರಮದಂತೆ ಎಲ್ಲರ ಮುಂದೆ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಟ್ಟಿದ್ದೆ. ಆ ಶಾಲನ್ನು ನೆನೆದರೆ ಈಗಲೂ ಕೈ ತುರಿಸುತ್ತದೆ.

ಕರೆದು ತೋರಿಸಿದೆ. ಬಂದ, ತಲೆ ಎತ್ತಿ ನೋಡಿದ, ನಕ್ಕ.

"ಹೊಸ ಮನೆ ಅಲ್ವಾ ಅಕ್ಕ, ನೀರು ಕುಡಿಯುತ್ತದೆ. ಎರಡು ಮಳೆಗಾಲ ಹೋಗಲಿ, ತನ್ನಿಂದ ತಾನೇ ಸೆಟ್ ಆಗ್ತದೆ."

"ಗೋಡೆ ಉಪ್ಪು ಯಾಕೆ?"

"ಕಡಲಿನ ಗಾಳಿ ಅಕ್ಕ. ನಿಮ್ಮ ಊರಲ್ಲಿ ಇಲ್ಲ, ನಿಮಗೆ ಹೊಸತು."

"ಯಾವಾಗ ಸರಿ ಮಾಡುತ್ತೀಯಪ್ಪ?"

"ನೋಡುವ ಅಕ್ಕ."

ಈ ‘ನೋಡುವ’ ಎಂಬ ಮಾತನ್ನು ಊರಿನವರು ಚೆನ್ನಾಗಿ ತಿಳಿದುಕೊಳ್ಳಬೇಕು. ನಮ್ಮಲ್ಲಿ ಕೆಲಸ ಕೆಡಿಸಿದವನು ಕೂಗಾಡುತ್ತಾನೆ, ನಾವೂ ಕೂಗಾಡುತ್ತೇವೆ, ಓಣಿ ಸೇರುತ್ತದೆ, ಯಾರೋ ಹಿರಿಯರು ಬಂದು ಇಬ್ಬರಿಗೂ ಬೈದು ಚಹಾ ಕುಡಿಸುತ್ತಾರೆ, ಕೆಲಸ ಆಗುತ್ತದೆ. ಇಲ್ಲಿ ಯಾರೂ ಕೂಗಾಡುವುದಿಲ್ಲ. ಇಲ್ಲ ಎನ್ನುವುದಕ್ಕೆ ಬದಲು ‘ನೋಡುವ’ ಎಂದು ನಕ್ಕು ಸ್ಕೂಟರ್ ಹತ್ತುತ್ತಾರೆ. ನಾನು ಕೂಗಾಡಿದೆ. ಒಮ್ಮೆ ರಸ್ತೆಯಲ್ಲೇ ನಿಲ್ಲಿಸಿ ನನ್ನ ಊರಿನ ಭಾಷೆಯಲ್ಲಿ ಅವನ ಜನ್ಮ ಜಾಲಾಡಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ. ನೋಡುತ್ತಿದ್ದವರ ಕಣ್ಣಿಗೆ ಅವನು ಸಜ್ಜನ, ನಾನು ಬಾಯಿಬಡುಕಿ. ಬೆಂಕಿ ಹೊತ್ತಿದ್ದು ಆವತ್ತು.

ಅಷ್ಟರಲ್ಲಿ ಮಣಿಪಾಲದಿಂದ ರೊಟ್ಟಿಯ ಡಬ್ಬಿ ಬೂಸ್ಟು ಹಿಡಿದು ಒಂದು ಸಲ ವಾಪಸು ಬಂತು. ಮತ್ತೊಂದು ಸಲ ವಾಪಸು ಬಂತು. ಮೂರನೆಯ ಸಲ ಕಳಿಸಬೇಡಿ ಎಂದು ಫೋನ್ ಬಂತು. ಇಲ್ಲಿ ನನಗೆ ಇದ್ದದ್ದು ಆ ಕೆಲಸವೊಂದೇ, ಅದೂ ತೋಯ್ದು ಹೋಯಿತು. ಊರಿಗೆ ಫೋನ್ ಮಾಡಿದಾಗ ನನ್ನ ಅಣ್ಣ, "ನಾಕ ಮಂದಿ ಕರ್ಕೊಂಡ ಬರ್ತೇನವ್ವಾ, ಅವನ ಮನಿ ಮುಂದ ಕುಂಡ್ರೋಣು. ಎಲ್ಲಿ ಹೊಕ್ಕಾನ ನೋಡೂಣು" ಎಂದ. ಕೇಳಿ ಹೊಟ್ಟೆ ತಣ್ಣಗಾಯಿತು. ಆದರೆ ಅಣ್ಣ ಕುಳಿತೆದ್ದು ರೋಣಕ್ಕೆ ಹೋಗುತ್ತಾನೆ, ನಾನು ಇಲ್ಲೇ ಇರಬೇಕು.

ದಾರಿ ತೋರಿಸಿದವರು ಪಕ್ಕದ ಮನೆಯ ಝೊಹರಾಕ್ಕ. ಅವರ ಗಂಡ ಗಲ್ಫಿನಲ್ಲಿದ್ದಾರೆ. ತಮ್ಮ ಹಳೆಯ ಮನೆ ತೆಗೆದು ಹೊಸದು ಕಟ್ಟಿಸುವ ಯೋಚನೆ ಅವರದ್ದು, ಅದಕ್ಕೆ ಸುಧಾಕರ ದಿನ ಬಿಟ್ಟು ದಿನ ಅವರ ಬಾಗಿಲಿಗೆ ಬರುತ್ತಿದ್ದ.

"ಅವನು ಎಲ್ಲರಿಗೂ ಹೀಗೆ ಮಾಡುವುದಿಲ್ಲ" ಎಂದರು ಝೊಹರಾಕ್ಕ, ನನ್ನ ಅಡುಗೆಮನೆಯ ಬಕೆಟುಗಳನ್ನು ನೋಡುತ್ತಾ. "ಇಲ್ಲಿನವರ ಮನೆ ಕೆಡಿಸಿದರೆ ನಾಳೆ ಮದುವೆಯಲ್ಲಿ, ನಾಡಿದ್ದು ಸಾವಿನಲ್ಲಿ ಮುಖ ನೋಡ್ಬೇಕಲ್ಲ. ನಿಮಗೆ ಇಲ್ಲಿ ಯಾರುಂಟು?"

ಹೆಂಚಿಗೆ ಕೈ ತಾಗಿದ ಹಾಗಾಯಿತು. ನನ್ನ ಮನೆ ಸೋರಿದ್ದು ಅವನಿಗೆ ಕೆಲಸ ಬಾರದೆ ಅಲ್ಲ, ನನಗೆ ಜನ ಇಲ್ಲದೆ.

"ಅವನು ಹೆದರುವುದು ಒಬ್ಬರಿಗೆ" ಎಂದು ಅವರೇ ಮುಂದುವರಿಸಿದರು. "ಅವನ ಮಾವ. ಕಾರ್ಕಳದಲ್ಲಿದ್ದಾರೆ. ಸಾಕಿದ್ದು ಅವರೇ."

ಇಲ್ಲಿ ಮಾವ ಎಂದರೆ ಸೋದರಮಾವ. ತುಳುವರಲ್ಲಿ ಅನೇಕ ಕುಟುಂಬಗಳಿಗೆ ತಾಯಿಯ ಕಡೆಯದ್ದೇ ಲೆಕ್ಕ, ಅಳಿಯಕಟ್ಟು ಎನ್ನುತ್ತಾರೆ. ಅಪ್ಪ ಮನೆಯಲ್ಲಿದ್ದರೂ ತಾಯಿಯ ಅಣ್ಣನೇ ಹಿರಿಯ, ಅವನ ಮಾತು ಅಳಿಯನಿಗೆ ಕಟ್ಟುಪಾಡು. ನಮ್ಮಲ್ಲಿ ಸೋದರಮಾವ ಎಂದರೆ ಮದುವೆಯ ಸಂಬಂಧ ಮತ್ತು ಚೇಷ್ಟೆ. ಇಲ್ಲಿ ಅವನೇ ಕೋರ್ಟು.

ಒಂದು ಕಟ್ಟು ರೊಟ್ಟಿಯನ್ನು ಝೊಹರಾಕ್ಕನ ಒಣಗಿದ ಮನೆಯಲ್ಲಿ ಮಾಡಿಕೊಂಡು, ಶೇಂಗಾ ಚಟ್ನಿ ಹಿಡಿದು ಕಾರ್ಕಳದ ಬಸ್ಸು ಹತ್ತಿದೆ. ಮಾವನ ಹೆಸರು ದೂಮಪ್ಪ. ತೆಳ್ಳಗಿನ, ಉದ್ದದ ಮನುಷ್ಯ, ಮಾತು ಕಡಿಮೆ. ನಾನು ಒಂದೂ ದೂರು ಹೇಳಲಿಲ್ಲ.

"ನಮ್ಮ ಮನೆ ಕಟ್ಟಿದ್ದು ನಿಮ್ಮ ಅಳಿಯ. ಒಕ್ಕೆಲಿಗೆ ನಿಮ್ಮನ್ನು ಕರೆಯಲು ಆಗಲಿಲ್ಲ, ನನ್ನ ತಪ್ಪು. ಆಟಿಯ ಒಂದು ಊಟಕ್ಕೆ ಬರಬೇಕು" ಎಂದೆ. ಆಟಿ ಎಂದರೆ ಇಲ್ಲಿ ಮಳೆ ಹಗಲೂ ಇರುಳೂ ಬಿಡದೆ ಸುರಿಯುವ ತಿಂಗಳು. ಶುಭಕಾರ್ಯ ಮಾಡುವುದಿಲ್ಲ, ಆದರೆ ಪತ್ರೊಡೆ, ಎಳೆಬಿದಿರಿನ ಕಣಿಲೆ ಎಂದು ಆ ತಿಂಗಳಿಗೇ ಮೀಸಲಾದ ಅಡುಗೆ ಉಂಟು.

"ಘಟ್ಟದವರ ಮನೆಯಲ್ಲಿ ಆಟಿಯ ಊಟವಾ" ಎಂದು ದೂಮಪ್ಪಣ್ಣ ಮೊದಲ ಸಲ ನಕ್ಕರು. "ಬರುವ."

ಈ ‘ಬರುವ’ ನಿಜವಾದ ಬರುವ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಆ ಊಟದ ತಯಾರಿಯಷ್ಟು ಖುಷಿಯಿಂದ ನಾನು ಯಾವ ಹಬ್ಬವನ್ನೂ ಮಾಡಿಲ್ಲ. ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆಯನ್ನು ಝೊಹರಾಕ್ಕನ ಕೆಲಸದವಳಿಂದ ಕಲಿತೆ. ಎಣಗಾಯಿ ಪಲ್ಯ, ರೊಟ್ಟಿ, ಅನ್ನ, ಸಾರು. ಅಡುಗೆಮನೆಯಲ್ಲೇ ಚಾಪೆ ಹಾಸಿದೆ. ಯಾವ ಹನಿ ಎಲ್ಲಿ ಬೀಳುತ್ತದೆ ಎಂಬುದು ವಾರಗಟ್ಟಲೆ ಬಕೆಟು ಇಟ್ಟು ನನಗೆ ಬಾಯಿಪಾಠವಾಗಿತ್ತು. ಅತ್ಯಂತ ದಪ್ಪ ಹನಿಯ ನೇರಕ್ಕೆ ಹಿರಿಯರ ಎಲೆ, ಅದರ ಎದುರಿಗೆ ಸುಧಾಕರನ ಎಲೆ. ಸುಧಾಕರನಿಗೆ, ನಿಮ್ಮ ಮಾವ ಬರುತ್ತಾರೆ, ನೀನು ಬರದಿದ್ದರೆ ಚೆನ್ನಾಗಿರುವುದಿಲ್ಲ ಎಂದಷ್ಟೇ ಹೇಳಿ ಕಳಿಸಿದ್ದೆ. ಟೆರೇಸಿನ ಪೈಪಿಗೆ ಗೋಣಿ ತುರುಕಿ ಇನ್ನಷ್ಟು ನೀರು ನಿಲ್ಲಿಸೋಣವೇ ಎಂಬ ಯೋಚನೆಯೂ ಬಂತು. ಅದರ ಅಗತ್ಯ ಇರಲಿಲ್ಲ, ಅವನು ಕೂರಿಸಿದ ಪೈಪಿಗೆ ನೀರು ತಲುಪುತ್ತಲೇ ಇರಲಿಲ್ಲ. ಬಸವರಾಜ ಮಾತ್ರ, "ಉಂಡು ಹೋಗುವ ಹಿರಿಯರಿಗೆ ಹಿಂಗ ಮಾಡಬ್ಯಾಡ" ಎಂದ. ನಾನು ಕೇಳಲಿಲ್ಲ.

ಎಲ್ಲರೂ ಕುಳಿತರು. ಹೊರಗೆ ಮಳೆ ಹೊಯ್ಯುತ್ತಿತ್ತು. ಮೊದಲ ಹನಿ ದೂಮಪ್ಪಣ್ಣನ ಎಲೆಯ ಉಪ್ಪಿನಕಾಯಿಗೆ ಬಿತ್ತು. ಎರಡನೆಯದು ಅನ್ನಕ್ಕೆ. ಅವರು ಒಮ್ಮೆ ಮೇಲೆ ನೋಡಿದರು, ಮತ್ತೆ ಎಲೆ ನೋಡಿದರು. ಸುಧಾಕರನ ಕೈ ಅನ್ನದಲ್ಲೇ ನಿಂತಿತು.

"ಮಾವ, ಈಚೆ ಬನ್ನಿ, ಇಲ್ಲಿ ಜಾಗ ಉಂಟು" ಎಂದ.

"ಯಾಕೆ? ಬಡಿಸಿ ಆಗಿದೆ" ಎಂದರು ದೂಮಪ್ಪಣ್ಣ. ಬಡಿಸಿದ ಎಲೆ ಬಿಟ್ಟು ಏಳುವುದು ಬಡಿಸಿದ ಮನೆಗೆ ಅವಮಾನ ಎಂಬುದು ಇಲ್ಲೂ ಉಂಟು, ನಮ್ಮಲ್ಲೂ ಉಂಟು. ಅವರು ಉಣ್ಣತೊಡಗಿದರು. ಹನಿ ಬೀಳುತ್ತಲೇ ಇತ್ತು. ಸಾರು ನೀರಾಯಿತು, ಅನ್ನ ತೇಲಿತು. ಅವರು ಅವಸರ ಮಾಡಲಿಲ್ಲ. ಒಂದೊಂದೇ ತುತ್ತು ಕಲಸಿ, ಎರಡನೇ ಸಲ ಪತ್ರೊಡೆ ಕೇಳಿ ಹಾಕಿಸಿಕೊಂಡು, ಎಲೆ ಖಾಲಿ ಮಾಡಿದರು. ಎದುರಿಗೆ ಕುಳಿತವನಿಗೆ ಒಂದು ತುತ್ತೂ ಇಳಿಯಲಿಲ್ಲ. ಅವನ ಕಿವಿ ಕೆಂಪಾಗುವುದನ್ನು ನಾನು ಬಡಿಸುವ ನೆಪದಲ್ಲಿ ನಾಲ್ಕು ಸಲ ಬಗ್ಗಿ ನೋಡಿದೆ. ನನ್ನ ಜೀವನದಲ್ಲಿ ನೋಡಿದ ಒಳ್ಳೆಯ ಬಣ್ಣಗಳಲ್ಲಿ ಅದೊಂದು.

ಕೈತೊಳೆದು ಬಂದ ದೂಮಪ್ಪಣ್ಣ ಅಳಿಯನೊಡನೆ ತುಳುವಿನಲ್ಲಿ ಆಡಬಹುದಿತ್ತು. ನನಗೂ ತಿಳಿಯಲಿ ಎಂದು ಕನ್ನಡದಲ್ಲೇ ಆಡಿದರು.

"ಇವರಿಗೆ ಇಲ್ಲಿ ಯಾರೂ ಇಲ್ಲ ಅಂತ ಅಲ್ವಾ ನೀನು ಲೆಕ್ಕ ಹಾಕಿದ್ದು? ಇನ್ನು ನಾನಿದ್ದೇನೆ ಅಂತ ಲೆಕ್ಕ ಹಾಕು. ಮಳೆ ಬಿಟ್ಟ ಮೇಲೆ ಅಲ್ಲ. ನಾಳೆ."

ಮಾರನೆಯ ದಿನ ಸುಧಾಕರ ಆಳುಗಳೊಂದಿಗೆ ಬಂದ. ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ನೀಲಿ ಶೀಟಿನ ಮಾಡು ಹೊದಿಸಿದ. ಅಡುಗೆಮನೆಯ ಗಿಲಾವನ್ನೆಲ್ಲ ಕೆತ್ತಿ ಕೆಡವಿದ. ಹೊಸ ಮರಳು ಬಂದಾಗ ನಾನು ಟೆಂಪೋದ ಹಿಂದೆ ನಿಂತೆ. ಪ್ರತಿ ಲೋಡಿನಿಂದ ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟು ನೋಡದೆ ಇಳಿಸಲು ಬಿಡಲಿಲ್ಲ. ನಮ್ಮೂರಲ್ಲಿ ಉಸುಕು ಎನ್ನುವ ಈ ಮರಳನ್ನು ನಾನು ಆ ತಿಂಗಳು ತಿಂದಷ್ಟು ಯಾರೂ ತಿಂದಿರಲಾರರು. ಆಳುಗಳು ನಗುತ್ತಿದ್ದರು. ಸುಧಾಕರ ನಗಲಿಲ್ಲ. ಒಂದು ಲೋಡನ್ನು ಉಪ್ಪಿಲ್ಲದಿದ್ದರೂ ವಾಪಸು ಕಳಿಸಿದೆ, ಸುಮ್ಮನೆ.

ಮಳೆಗಾಲದ ಕೊನೆಗೆ ರೊಟ್ಟಿ ಮತ್ತೆ ಮುರಿಯತೊಡಗಿತು. ಮಣಿಪಾಲಕ್ಕೆ ಹೋಗಿ ಮುರಿದು ತೋರಿಸಿ ಬಂದೆ, ಡಬ್ಬಿ ಮತ್ತೆ ಹೊರಟಿತು. ಅಲ್ಲಿಗೆ ಬಿಡಬಹುದಿತ್ತು ಎಂದು ನೀವು ಅನ್ನಬಹುದು. ಬಿಡುವ ಮನಸ್ಸು ನನಗಿರಲಿಲ್ಲ.

ಒಂದು ಸಂಜೆ ಝೊಹರಾಕ್ಕ ಬೇಲಿಯ ಹತ್ತಿರ ಬಂದು, ಮನೆಯ ಕೆಲಸ ಸುಧಾಕರನಿಗೆ ಕೊಡಲೋ ಬೇಡವೋ ಎಂದು ಕೇಳಿದರು. ಅವನು ನಮ್ಮ ಮಾಡಿನ ಕೊನೆಯ ಬೋಲ್ಟು ಬಿಗಿಯಲು ಬಂದು ಏಣಿಯ ಮೇಲೇ ಇದ್ದ. ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಮೊದಲು ಕೆಡಿಸಿದ, ಹೆದರಿಸಿದ ಮೇಲೆ ಸರಿ ಮಾಡಿದ. ಇಷ್ಟು ಸತ್ಯ. ಉಳಿದದ್ದು ನಿಮಗೆ ಬಿಟ್ಟದ್ದು." ಝೊಹರಾಕ್ಕ ಹತ್ತಿರದ ಶಿರ್ವದ ಬೇರೊಬ್ಬ ಕಾಂಟ್ರಾಕ್ಟರಿಗೆ ಕೆಲಸ ಕೊಟ್ಟರು. ಸುಧಾಕರ ಏಣಿ ಇಳಿದು, ನನ್ನ ಕಡೆ ನೋಡದೆ ಸ್ಕೂಟರ್ ಹತ್ತಿದ. ಆವತ್ತು ನಾನು ಹೆಸರುಬೇಳೆ ಪಾಯಸ ಮಾಡಿದೆ.

ಆದರೆ ದೂಮಪ್ಪಣ್ಣ ‘ನಾನಿದ್ದೇನೆ’ ಎಂದದ್ದು ಬಾಯಿಮಾತಾಗಿರಲಿಲ್ಲ. ಬಸವರಾಜನಿಗೆ ಜ್ವರ ಬಂದಾಗ ಕಾರ್ಕಳದಲ್ಲಿ ಆಸ್ಪತ್ರೆಗೆ ಕರೆದೊಯ್ದವರು ಅವರು. ಬೇಸಿಗೆಯಲ್ಲಿ ಅವರ ಮಗಳ ಮದುವೆ ಗೊತ್ತಾಯಿತು. ಇಲ್ಲಿ ಹತ್ತಿರದವರನ್ನು ಮನೆಗೇ ಬಂದು ಕರೆಯಬೇಕು. ಕರೆಯಲು ಅವರು ಕಳಿಸಿದ್ದು ಯಾರನ್ನು ಎಂದು ಹೇಳಬೇಕಾಗಿಲ್ಲ.

ಸುಧಾಕರ ಗೇಟಿನ ಬಳಿ ನಿಂತಿದ್ದ, ಕೈಯಲ್ಲಿ ಕಾಗದ. "ಮಾವ ಹೇಳಿದ್ದಾರೆ. ನೀವು ಮನೆಯವರ ಹಾಗೆ ಹಿಂದಿನ ದಿನವೇ ಬರಬೇಕಂತೆ." ಒಳಗೆ ಕರೆದು ಬೆಲ್ಲ, ನೀರು ಕೊಟ್ಟು, ಅಡುಗೆಮನೆಯ ಹಳೆಯ ಸೋರಿಕೆಯ ಜಾಗದಲ್ಲೇ ಕುರ್ಚಿ ಹಾಕಿ ಕೂರಿಸಿದೆ. ಅವನು ಬೆಲ್ಲ ಬಾಯಿಗಿಟ್ಟುಕೊಂಡು ಸ್ಲ್ಯಾಬು ನೋಡುತ್ತಾ ಕುಳಿತ.

ಮದುವೆಗೆ ಹಿಂದಿನ ದಿನವೇ ಹೋದೆವು. ತೆಂಗಿನಕಾಯಿ ತುರಿದೆ, ಮಲ್ಲಿಗೆ ಹಂಚಿದೆ, ಅರ್ಥವಾಗದ ತುಳು ಹಾಸ್ಯಕ್ಕೆ ಉಳಿದವರೊಂದಿಗೆ ನಕ್ಕೆ. ಹೆಂಗಸರು ಬಂದವರಿಗೆಲ್ಲ ನನ್ನನ್ನು ‘ನಮ್ಮ ರೊಟ್ಟಿ ಅಕ್ಕ’ ಎಂದು ಪರಿಚಯಿಸಿದರು. ಮದುವೆಯ ದಿನ ಊಟಕ್ಕೆ ಕುಳಿತಾಗ ಅನ್ನ, ಸಾರು ಅಡುಗೆಯವರು ಬಡಿಸಿದರು. ಪಾಯಸಕ್ಕೆ ಮಾತ್ರ ಮನೆಯ ಗಂಡಸರೇ ಬಂದರು, ಅದು ಅವರ ಕ್ರಮ. ನಮ್ಮ ಸಾಲಿಗೆ ಬಂದವನು ಸುಧಾಕರ, ಹೆಗಲ ಮೇಲೆ ಜರಿಯ ಶಲ್ಯ, ಕೈಯಲ್ಲಿ ಬಕೆಟು, ಸೌಟು. ಬಸವರಾಜನ ಎಲೆಗೆ ಹಾಕಿದ. ನನ್ನ ಎಲೆಯನ್ನು ದಾಟಿ ಆಚೆಯವರಿಗೆ ಹಾಕಿದ.

ಸಾಲಿನಲ್ಲಿ ಕೂತವಳ ಎಲೆ ದಾಟಿಸುವುದು ಎಂದರೇನು ಎಂದು ನಿಮಗೂ ಗೊತ್ತು. ಯಾರೂ ನೋಡಿರಲಿಲ್ಲ. ನೋಡಿದ್ದರೂ ಮರೆತದ್ದು ಎನ್ನುತ್ತಿದ್ದರು. "ಬಿಡು" ಎಂದ ಬಸವರಾಜ ಮೆಲ್ಲಗೆ. ಈ ಊರಿನ ಹೆಂಗಸಾಗಿದ್ದರೆ ನಾನು ಮುಗುಳ್ನಕ್ಕು ಸುಮ್ಮನಿದ್ದು, ಮುಂದೆಂದೋ ‘ನೋಡುವ’ ಎಂದು ಗಂಟು ಹಾಕಿಕೊಳ್ಳುತ್ತಿದ್ದೆ. ಊರಿನಲ್ಲಿದ್ದರೆ ಎಲೆ ಎತ್ತಿ ಒಗೆದು ಎದ್ದು ಹೋಗುತ್ತಿದ್ದೆ. ಎರಡೂ ನನ್ನಿಂದ ಆಗಲಿಲ್ಲ. ಎದ್ದು ಹೋದರೆ ದೂಮಪ್ಪಣ್ಣನ ಮನೆಯ ಅನ್ನಕ್ಕೆ ಅವಮಾನ, ಸುಮ್ಮನಿದ್ದರೆ ನನ್ನ ಹೊಟ್ಟೆ ಸುಡುತ್ತದೆ. ಬಾಯಿ ತೆರೆದಾಗ ಬಂದದ್ದು ರೋಣದ ಮಾತು, ರೋಣದ ಗಂಟಲು.

"ಏ ತಮ್ಮಾ ಸುಧಾಕರಾ, ಅಕ್ಕನ ಎಲಿ ಕಾಣವಲ್ದೇನ ನಿನಗ? ಹೊಳ್ಳಿ ಬಾ ಇಲ್ಲಿ."

ಇಡೀ ಸಾಲು ತಿರುಗಿತು. ಬೇರೆಯವರು ಹಾಗೆ ಕರೆದಿದ್ದರೆ ಜಗಳ. ಮನೆಯ ಅಕ್ಕ ಕರೆದರೆ ಚೇಷ್ಟೆ. ಒಂದು ಗಳಿಗೆ ಯಾರಿಗೂ ಯಾವುದೆಂದು ತಿಳಿಯಲಿಲ್ಲ. ಆಮೇಲೆ ಸಾಲಿನ ತುದಿಯಲ್ಲಿ ನಿಂತಿದ್ದ ದೂಮಪ್ಪಣ್ಣ ಗಟ್ಟಿಯಾಗಿ ನಕ್ಕರು, "ಹಾಕು ಮಾರಾಯ, ಅಕ್ಕನಿಗೆ ಹಾಕು" ಎಂದರು, ಎಲ್ಲರೂ ನಕ್ಕರು. ಸುಧಾಕರ ವಾಪಸು ಬಂದ. ಅವನ ಕಿವಿ ಮತ್ತೆ ಆ ಬಣ್ಣಕ್ಕೆ ತಿರುಗಿತ್ತು. ಬಗ್ಗಿ ಒಂದು ಸೌಟು ಹಾಕಿದ. ಉಣ್ಣುವವರು ಸಾಕು ಎನ್ನುವವರೆಗೆ ಬಡಿಸುವವನು ನೆಟ್ಟಗೆ ನಿಲ್ಲುವಂತಿಲ್ಲ. ನಾನು ಅವನ ಮುಖ ನೋಡಿದೆ. ಇನ್ನೊಂದು ಸೌಟು ಹಾಕಿದ. ಪಾಯಸ ಎಲೆಯ ಅಂಚಿಗೆ ಬಂತು, ಅಂಚು ದಾಟಿ ಮೇಜಿಗೆ ಇಳಿಯಿತು.

"ಅಕ್ಕ, ಸಾಕಾ?" ಎಂದ, ಬಗ್ಗಿದಲ್ಲೇ.

ನಾನು ಸಾಕು ಎನ್ನಲಿಲ್ಲ.